ಕವಲು ಹಳಿ ಎಲ್ಲಿಗೆ ಹೋಗಿತ್ತು?

ಶಾಲೆಯ ವಸ್ತುಪ್ರದರ್ಶನಕ್ಕೆ ಇನ್ನು ಎರಡು ತಿಂಗಳಿದೆ ಎನ್ನುವಾಗ ವಿಜಯನಗರದ ಒಂದು ಮನೆಯಲ್ಲಿ ಹೀಗೆ ನಡೆಯಿತೆಂದು ಇಟ್ಟುಕೊಳ್ಳೋಣ. ಎಂಟನೆಯ ತರಗತಿಯ ಹುಡುಗ. ಸೋದರಮಾವ ತಂದುಕೊಟ್ಟ ಆಟದ ರೈಲು ಅವನ ಹತ್ತಿರ ಇದೆ. ಊಟದ ಮೇಜಿನ ಮೇಲೆ ಹಳಿಗಳನ್ನು ವೃತ್ತವಾಗಿ ಜೋಡಿಸಿ, ಎಂಜಿನ್ನಿನ ಹಿಂದೆ ನಾಲ್ಕು ಗೂಡ್ಸ್ ಡಬ್ಬಿಗಳನ್ನು ಸಿಕ್ಕಿಸಿ ಸ್ವಿಚ್ಚು ಒತ್ತಿದ. ರೈಲು ಹತ್ತು ಸುತ್ತು ಸುತ್ತಿತು. ಪಕ್ಕದಲ್ಲಿ ಪೇಪರು ಓದುತ್ತಿದ್ದ ತಾತ ಕನ್ನಡಕ ತೆಗೆದು ಕೇಳಿದರು: “ಅಲ್ವೋ ಮರಿ, ಈ ಗಾಡಿ ಎಲ್ಲಿಗೆ ಹೋಗುತ್ತೆ? ಏನು ಹೊತ್ಕೊಂಡು ಹೋಗುತ್ತೆ?”

ಹುಡುಗನ ಬಳಿ ಉತ್ತರವಿರಲಿಲ್ಲ. ಹೊರಟ ಜಾಗಕ್ಕೇ ಬಂದು ನಿಲ್ಲುವ ರೈಲು ಅದು. ಆದರೆ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ತಾತ ಹರೆಯದಲ್ಲಿ ಸಿಟಿ ರೈಲ್ವೆ ಸ್ಟೇಷನ್ನಿನ ಹಿಂಬದಿಯ ಬಟ್ಟೆ ಮಿಲ್ಲೊಂದರಲ್ಲಿ ನೇಯ್ಗೆ ಖಾತೆಯಲ್ಲಿ ದುಡಿದವರು. ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿ ಅದರ ಮಾತೇ ಕಡಿಮೆ. ಹುಡುಗ ಅಂದೇ ತೀರ್ಮಾನಿಸಿದ: ಪ್ರದರ್ಶನಕ್ಕೆ ಸುಮ್ಮನೆ ಸುತ್ತುವ ರೈಲು ಬೇಡ. ನಮ್ಮ ಊರಿನ ರೈಲು ಬೇಕು. ಅದು ತಾತನ ಮಿಲ್ಲಿನ ಪಕ್ಕದಲ್ಲಿ ಹಾದುಹೋಗಬೇಕು.

“ಇದರಿಂದ ಎಷ್ಟು ಮಾರ್ಕ್ಸ್ ಬರುತ್ತೆ?” ಎಂದು ಅಪ್ಪ ಕೇಳಿದ್ದರೆ ಆಶ್ಚರ್ಯವಿಲ್ಲ. ಈ ಪ್ರಶ್ನೆಗೆ ಕೊನೆಯಲ್ಲಿ ಬರೋಣ. ಮೊದಲು ಹುಡುಗನ ಕೆಲಸ ಎಷ್ಟು ದೊಡ್ಡದು ಎಂಬುದನ್ನು ನೋಡೋಣ.

ಕತ್ತರಿಯ ಎರಡು ಕಾಲು

ಬೆಂಗಳೂರಿನ ನಕ್ಷೆಯನ್ನು ಹರಡಿ ಸಿಟಿ ಸ್ಟೇಷನ್ನಿನ ಮೇಲೆ ಬೆರಳಿಡಿ. ಇಂದಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವೇ ಅದು. ಅಲ್ಲಿಂದ ಒಂದು ಹಳಿ ಉತ್ತರಕ್ಕೆ ಮಲ್ಲೇಶ್ವರ, ಯಶವಂತಪುರದ ಮೇಲೆ ತುಮಕೂರಿಗೆ ಹೋಗುತ್ತದೆ. ಇನ್ನೊಂದು ನೈಋತ್ಯಕ್ಕೆ ನಾಯಂಡಹಳ್ಳಿ, ಕೆಂಗೇರಿಯ ಮೇಲೆ ಮೈಸೂರಿಗೆ ಹೋಗುತ್ತದೆ. ತೆರೆದಿಟ್ಟ ಕತ್ತರಿಯ ಎರಡು ಕಾಲುಗಳಂತೆ ಕಾಣುವ ಈ ಹಳಿಗಳ ನಡುವೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳು ಕುಳಿತಿವೆ. ಬಡಾವಣೆಗಳ ನಟ್ಟನಡುವೆ ರೈಲು ಹೋಗುವುದಿಲ್ಲ, ಅಂಚಿನಲ್ಲಿ ಹೋಗುತ್ತದೆ. ಹಳೆಯ ಕಾರ್ಖಾನೆಗಳು ಹುಟ್ಟಿಕೊಂಡದ್ದೂ ಈ ಅಂಚುಗಳ ಆಸುಪಾಸಿನಲ್ಲೇ.

ಮದರಾಸಿನ ಕಡೆಯಿಂದ ಬ್ರಾಡ್‌ಗೇಜ್ ರೈಲು ಬೆಂಗಳೂರು ದಂಡು ನಿಲ್ದಾಣಕ್ಕೆ ಬಂದದ್ದು 1864ರಲ್ಲಿ. ಮೈಸೂರಿನ ಹಳಿಯ ಕಥೆ ಬೇರೆ. 1876–78ರ ಭೀಕರ ಬರಗಾಲದಲ್ಲಿ ಹಸಿದ ಜನಕ್ಕೆ ಕೂಲಿ ಕೊಡಲೆಂದು ಅದರ ಮಣ್ಣುಕೆಲಸ ನಡೆಯಿತು. ಅದು ಮೀಟರ್‌ಗೇಜ್. 1881ರಲ್ಲಿ ಚನ್ನಪಟ್ಟಣ, ಮಂಡ್ಯಗಳನ್ನು ಮುಟ್ಟಿ 1882ರಲ್ಲಿ ಮೈಸೂರು ಸೇರಿತು. ದಂಡಿನಿಂದ ಬ್ರಾಡ್‌ಗೇಜ್ ಹಳಿ ಸಿಟಿ ಸ್ಟೇಷನ್ನಿಗೆ ಬಂದದ್ದೂ 1882ರಲ್ಲೇ. ತುಮಕೂರಿನ ಮೀಟರ್‌ಗೇಜ್ ಹಳಿ 1884ರಲ್ಲಿ ತೆರೆಯಿತು.

ಹೀಗೆ ಸಿಟಿ ಸ್ಟೇಷನ್ನಿನಲ್ಲಿ ಎರಡು ಅಳತೆಯ ಹಳಿಗಳು ಎದುರುಬದುರಾದವು. ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, ಮೀಟರ್‌ಗೇಜಿನದು 1000. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ಮದರಾಸಿನಿಂದ ಬಂದ ಮೂಟೆ ತುಮಕೂರಿಗೆ ಹೋಗಬೇಕಾದರೆ ಹಮಾಲಿಗಳು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಸ್ಟೇಷನ್ನಿನ ಪಕ್ಕದ ಟಿ.ಸಿ.ಎಂ. ರಾಯನ್ ರಸ್ತೆಗೆ ಹಿಂದೆ ಗೂಡ್ಸ್ ಶೆಡ್ ರಸ್ತೆ ಎಂಬ ಹೆಸರಿತ್ತು. ಎಷ್ಟು ಬೆನ್ನುಗಳು ಅಲ್ಲಿ ಮೂಟೆ ಹೊತ್ತಿರಬಹುದೋ!

ಯಾರ ಮನೆ ಬಾಗಿಲಿಗೆ ರೈಲು?

ಈಗ ಹುಡುಗ ಕಾರ್ಖಾನೆಗಳ ಪಟ್ಟಿ ಮಾಡಲು ಕುಳಿತ. ಮೊದಲ ಹೆಸರು ಬಿನ್ನಿ ಮಿಲ್ಲು. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಉದ್ದ ಹೆಸರಿನ ಈ ಕಂಪನಿ ಹುಟ್ಟಿದ್ದು 1884ರಲ್ಲಿ. ಎರಡು ವರ್ಷದ ಬಳಿಕ ಮದರಾಸಿನ ಬಿನ್ನಿ ಕಂಪನಿ ಅದರ ಆಡಳಿತ ವಹಿಸಿಕೊಂಡಿತು. ಉಣ್ಣೆಯ ಕಂಬಳಿಗೂ ಸೈನಿಕರ ಸಮವಸ್ತ್ರದ ಬಟ್ಟೆಗೂ ಅದು ಹೆಸರುವಾಸಿ. ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ. ಎರಡೂ ಹಳಿಗಳು ಸಿಟಿ ಸ್ಟೇಷನ್ನಿನಲ್ಲಿ ಕೂಡಿದ್ದು 1882, ಮಿಲ್ಲು ಹುಟ್ಟಿದ್ದು 1884. ರೈಲು ಮೊದಲು, ಕಾರ್ಖಾನೆ ಆಮೇಲೆ.

ಅದರ ಆಚೆಗೆ ಮಿನರ್ವ ಮಿಲ್ಲು. ಕಾನೂನು ಓದುವ ವಿದ್ಯಾರ್ಥಿಗಳಿಗೆಲ್ಲ ಈ ಹೆಸರು ಬಾಯಿಪಾಠ. 1974ರ ಕಾಯ್ದೆಯಂತೆ ರಾಷ್ಟ್ರೀಕರಣವಾದ ಈ ಮಿಲ್ಲಿನ ವ್ಯಾಜ್ಯದಲ್ಲೇ 1980ರ ಜುಲೈ 31ರಂದು ಸುಪ್ರೀಂ ಕೋರ್ಟು ಸಂವಿಧಾನದ ಮೂಲ ಸ್ವರೂಪವನ್ನು ಎತ್ತಿಹಿಡಿದು, 42ನೇ ತಿದ್ದುಪಡಿಯ ಎರಡು ಭಾಗಗಳನ್ನು ರದ್ದು ಮಾಡಿತು. ದೇಶಕ್ಕೆಲ್ಲ ಪಾಠವಾದ ತೀರ್ಪಿನ ಮಿಲ್ಲು ನಮ್ಮ ಸ್ಟೇಷನ್ನಿನ ಹಿಂದೆಯೇ ಇತ್ತೆಂಬುದು ಎಷ್ಟು ಮಂದಿಗೆ ಗೊತ್ತು?

ಉತ್ತರದ ಹಳಿಯನ್ನು ಹಿಡಿದು ಹೋದರೆ ಮಲ್ಲೇಶ್ವರದ ತುದಿಯಲ್ಲಿ ಜನ ರಾಜಾ ಮಿಲ್ಲು ಎಂದು ಕರೆಯುತ್ತಿದ್ದ ಬಟ್ಟೆ ಗಿರಣಿ. ಇಂದು ಅಲ್ಲಿ ಮಂತ್ರಿ ಮಾಲ್ ನಿಂತಿದೆ. ಇನ್ನೂ ಮುಂದೆ 1936ರಲ್ಲಿ ಆರಂಭವಾಗಿ 2003ರಲ್ಲಿ ಬಾಗಿಲು ಹಾಕಿದ ಮೈಸೂರು ಲ್ಯಾಂಪ್ಸ್. ಅದೇ ದಿಕ್ಕಿನಲ್ಲಿ, ಮುಂದೆ ಬಿಎಚ್‌ಇಎಲ್‌ಗೆ ಸೇರಿದ ಪಿಂಗಾಣಿ ಕಾರ್ಖಾನೆ. ಒರಾಯನ್ ಮಾಲ್ ಇರುವ ಕಡೆ ಕಿರ್ಲೋಸ್ಕರ್ ಕಾರ್ಖಾನೆ. ಮೈಸೂರು ರಸ್ತೆಯ ಕಡೆ ಬಂದರೆ 1933ರ ಸರ್ಕಾರಿ ವಿದ್ಯುತ್ ಕಾರ್ಖಾನೆ, ಈಗಿನ ಕವಿಕಾ.

ಮೈಸೂರು ಸ್ಯಾಂಡಲ್ ಸಾಬೂನಿನ ಕಾರ್ಖಾನೆಯನ್ನು ಮರೆಯುವಂತಿಲ್ಲ. ಮೊದಲ ಮಹಾಯುದ್ಧದಿಂದಾಗಿ ಯೂರೋಪಿಗೆ ಹೋಗಬೇಕಿದ್ದ ಶ್ರೀಗಂಧ ಇಲ್ಲೇ ರಾಶಿ ಬಿತ್ತು. ಅದರಿಂದ ಎಣ್ಣೆ, ಎಣ್ಣೆಯಿಂದ ಸಾಬೂನು ಎಂದು ಶುರುವಾದ ಸರ್ಕಾರಿ ಉದ್ಯಮ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂತು. 2014ರಿಂದ ಮೆಟ್ರೋ ನಿಲ್ದಾಣವೊಂದು ಅದರ ಹೆಸರನ್ನೇ ಹೊತ್ತಿದೆ.

ಪಟ್ಟಿ ಉದ್ದವಾಯಿತು. ಹುಡುಗನಿಗೆ ಖುಷಿಯೋ ಖುಷಿ. ಪ್ರತಿಯೊಂದು ಕಾರ್ಖಾನೆಗೂ ಒಂದೊಂದು ಕವಲು ಹಳಿ ಎಳೆದುಬಿಟ್ಟ. ರೈಲ್ವೆಯವರು ಇದನ್ನು ಸೈಡಿಂಗ್ ಎನ್ನುತ್ತಾರೆ. ಮುಖ್ಯ ಹಳಿಯಿಂದ ಕವಲೊಡೆದು ಕಾರ್ಖಾನೆಯ ಅಂಗಳಕ್ಕೇ ಹೋಗುವ ಹಳಿ ಅದು.

ತಾತ ನಕ್ಷೆ ನೋಡಿದರು. “ಇದನ್ನ ಯಾರು ಹೇಳಿದ್ರು ನಿನಗೆ?”

“ಹಳಿ ಪಕ್ಕದಲ್ಲೇ ಇತ್ತಲ್ಲ ತಾತ, ಒಳಗೆ ಹೋಗದೆ ಇರುತ್ತಾ?”

“ನಮ್ಮ ಮನೆ ಪಕ್ಕದಲ್ಲೇ ಬಸ್ಸು ಹೋಗುತ್ತೆ. ಅಂಗಳಕ್ಕೆ ಬರುತ್ತಾ?”

ಹುಡುಗನ ರಬ್ಬರಿಗೆ ಕೆಲಸ ಬಂತು. ನಿಜವಾದ ಸಂಶೋಧನೆ ಶುರುವಾದದ್ದು ಈ ಗಳಿಗೆಯಲ್ಲಿ.

ಲೆಕ್ಕ ಹೇಳುವ ಸಾಕ್ಷಿ

ಕಾರ್ಖಾನೆಗೆ ಸ್ವಂತ ಕವಲು ಹಳಿ ಬೇಕಿತ್ತೇ ಎಂಬುದನ್ನು ಕೊಂಚ ಮಟ್ಟಿಗೆ ವಿಜ್ಞಾನವೇ ಹೇಳುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಸಮತಟ್ಟಾದ ಹಳಿಯಲ್ಲಿ ಒಂದು ಟನ್ ಭಾರವನ್ನು ಉರುಳಿಸುತ್ತಿರಲು ಎರಡರಿಂದ ನಾಲ್ಕು ಕಿಲೋ ತೂಕದಷ್ಟು ಬಲ ಸಾಕು. ಟಾರು ರಸ್ತೆಯಲ್ಲಿ ಲಾರಿಗೆ ಎಂಟು ಹತ್ತು ಕಿಲೋ ಬೇಕು. ಮಣ್ಣುರಸ್ತೆಯ ಎತ್ತಿನ ಗಾಡಿಗೆ ಇನ್ನೂ ಹೆಚ್ಚು. ಸರಕು ತುಂಬಿ 25 ಟನ್ ತೂಗುವ ವ್ಯಾಗನ್ನನ್ನು ಚಲಿಸುತ್ತಿರುವಂತೆ ನೋಡಿಕೊಳ್ಳಲು 50ರಿಂದ 100 ಕಿಲೋ ಬಲ ಸಾಕೆಂದಾಯಿತು. ಏಳೆಂಟು ಜನ ಭುಜ ಕೊಟ್ಟು ನೂಕಿದರೆ ಅದು ಉರುಳುತ್ತದೆ!

ಆದರೆ ಇಳಿಜಾರಿದ್ದರೆ ಕಥೆ ಬದಲು. ನೂರು ಮೀಟರಿಗೆ ಒಂದು ಮೀಟರ್ ಏರು ಎಂದರೆ ಕಣ್ಣಿಗೆ ಏನೂ ಅಲ್ಲ. ಆದರೆ ಅಷ್ಟಕ್ಕೇ ಪ್ರತಿ ಟನ್ನಿಗೆ ಇನ್ನೂ ಹತ್ತು ಕಿಲೋ ಬಲ ಬೇಕು. 25 ಟನ್ನಿಗೆ 250 ಕಿಲೋ. ಇಳಿಜಾರಿನ ಕಡೆಗಾದರೆ ವ್ಯಾಗನ್ನು ತಾನಾಗಿಯೇ ಓಡಿಹೋದೀತು. ಅದಕ್ಕೇ ನಿಲ್ದಾಣದ ಆವರಣದಲ್ಲಿ 400 ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚಿನ ಇಳಿಜಾರು ಇರಕೂಡದೆಂದು ರೈಲ್ವೆಯ ಕಟ್ಟಳೆ. ಹಳಿಗೂ ಕಾರ್ಖಾನೆಯ ಅಂಗಳಕ್ಕೂ ನಡುವೆ ದೊಡ್ಡ ದಿಬ್ಬವೋ ಹಳ್ಳವೋ ಇದ್ದರೆ ಅಲ್ಲಿ ಕವಲು ಹಳಿ ಇದ್ದಿರುವ ಸಂಭವ ಕಡಿಮೆ.

ಎರಡನೆಯ ಲೆಕ್ಕ ಸರಕಿನದು. ಅರಳೆಯ ಒಂದು ಬೇಲು 170 ಕಿಲೋ. ವಾರಕ್ಕೆ 500 ಬೇಲು ನುಂಗುವ ಗಿರಣಿ ಎಂದಿಟ್ಟುಕೊಂಡರೆ 85 ಟನ್. ಇಪ್ಪತ್ತು ಟನ್ನಿನ ವ್ಯಾಗನ್ನುಗಳಲ್ಲಿ ನಾಲ್ಕೈದು. ಎತ್ತಿನ ಗಾಡಿಯಲ್ಲಿ ಟನ್ನಿನಂತೆ ಸಾಗಿಸಿದರೆ 85 ಗಾಡಿ! ಬಾಯ್ಲರಿನ ಕಲ್ಲಿದ್ದಲು ಬೇರೆ. ಪಿಂಗಾಣಿಗೆ ಬೇಕಾದ ಜೇಡಿಮಣ್ಣೂ ಹಾಗೆಯೇ: ತೂಕ ಹೆಚ್ಚು, ಬೆಲೆ ಕಡಿಮೆ. ಇಂಥದಕ್ಕೆ ರೈಲು ಹೇಳಿಮಾಡಿಸಿದ್ದು. ವಿದ್ಯುತ್ ಬಲ್ಬು ಇದಕ್ಕೆ ತದ್ವಿರುದ್ಧ. ತೂಕ ಕಡಿಮೆ, ಒಡೆಯುವ ಭಯ ಹೆಚ್ಚು. ವ್ಯಾಗನ್ನುಗಳನ್ನು ಜೋಡಿಸುವಾಗ ಬೀಳುವ ಧಕ್ಕೆಗೆ ಅದು ತಾಳೀತೇ? ಹೀಗೆ ಒಂದೊಂದು ಕಾರ್ಖಾನೆಗೂ “ಏನು ಬರುತ್ತಿತ್ತು, ಏನು ಹೋಗುತ್ತಿತ್ತು, ಎಷ್ಟು ತೂಕ?” ಎಂಬ ಮೂರು ಪ್ರಶ್ನೆ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಪರೀಕ್ಷೆ ಇಸವಿಯದು. ಇಟಲಿಯ ದ ವೆಕ್ಕಿ ಎಂಬಾತ 1866ರಲ್ಲಿ ಕೆಂಗೇರಿಯಲ್ಲಿ ಉಗಿಯ ಬಲದಿಂದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಹಾಕಿದ. ಕೆಂಗೇರಿ, ರೈಲು, ಹಳೆಯ ಕಾರ್ಖಾನೆ ಎಂದೊಡನೆ ಮೂರನ್ನೂ ಗಂಟುಹಾಕುವ ಆಸೆಯಾಗುತ್ತದೆ. ಆದರೆ ಕೆಂಗೇರಿಯ ಮೇಲೆ ರೈಲು ಹೋದದ್ದು 1881ರಲ್ಲಿ. ಹದಿನೈದು ವರ್ಷ ಮುಂಚೆ ಹುಟ್ಟಿದ ಕಾರ್ಖಾನೆ ಎತ್ತಿನ ಗಾಡಿಯನ್ನು ನೆಚ್ಚಿಕೊಂಡೇ ಶುರುವಾಗಿರಬೇಕು.

ಬಾಗಿದ ಗೋಡೆ

ಹಳಿ ಕಿತ್ತುಹಾಕಿದ ಮೇಲೂ ಅದರ ಗುರುತು ಉಳಿಯುತ್ತದೆ. ಲಾರಿ ಹತ್ತು ಹನ್ನೆರಡು ಮೀಟರ್ ಜಾಗದಲ್ಲಿ ತಿರುಗೀತು. ರೈಲಿಗೆ ಅದು ಸಾಧ್ಯವಿಲ್ಲ. ನಮ್ಮ ರೈಲ್ವೆಯಲ್ಲಿ ಮೀಟರ್‌ಗೇಜ್ ಹಳಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 109 ಮೀಟರ್. ಬ್ರಾಡ್‌ಗೇಜಿನದು 175. ಹಾಗಾಗಿ ಕವಲು ಹಳಿ ಹೋದಲ್ಲಿ ನೆಲವೂ ನಿಧಾನವಾಗಿ ಬಾಗುತ್ತದೆ. ಸುತ್ತಲಿನ ಸೈಟುಗಳೆಲ್ಲ ಚಚ್ಚೌಕವಿದ್ದು ಒಂದು ಕಾಂಪೌಂಡ್ ಗೋಡೆ ಮಾತ್ರ ಬಿಲ್ಲಿನಂತೆ ಬಾಗಿದ್ದರೆ, ಅದು ಹಳಿಯ ನೆನಪಿರಬಹುದು.

ಇದನ್ನು ಅಳೆಯಲು ಒಂಬತ್ತನೆಯ ತರಗತಿಯ ರೇಖಾಗಣಿತ ಸಾಕು. ಬಾಗಿದ ಗೋಡೆಯ ಒಳಮಗ್ಗುಲಿಗೆ 30 ಮೀಟರ್ ದಾರವನ್ನು ನೆಟ್ಟಗೆ ಎಳೆದು ಹಿಡಿಯಿರಿ. ದಾರದ ನಡುಭಾಗದಿಂದ ಗೋಡೆಗಿರುವ ದೂರ ಅಳೆಯಿರಿ. ದಾರದ ಉದ್ದದ ವರ್ಗವನ್ನು ಆ ದೂರದ ಎಂಟರಷ್ಟರಿಂದ ಭಾಗಿಸಿದರೆ ಹೆಚ್ಚುಕಡಿಮೆ ತ್ರಿಜ್ಯ ಸಿಗುತ್ತದೆ. ದೂರ ಒಂದು ಮೀಟರ್ ಬಂತೆನ್ನಿ. 900ನ್ನು 8ರಿಂದ ಭಾಗಿಸಿದರೆ 112 ಮೀಟರ್. ಮೀಟರ್‌ಗೇಜ್ ಹಳಿ ಇಲ್ಲಿ ತಿರುಗಬಹುದಿತ್ತು, ಬ್ರಾಡ್‌ಗೇಜಿಗೆ ಆಗುತ್ತಿರಲಿಲ್ಲ. ದೂರ ನಾಲ್ಕು ಮೀಟರ್ ಬಂದರೆ ತ್ರಿಜ್ಯ ಸುಮಾರು 30 ಮೀಟರ್ ಅಷ್ಟೇ. ಅದು ರೈಲಿನ ಕೆಲಸವಲ್ಲ, ಮೇಸ್ತ್ರಿಯ ಕೈಚಳಕ!

ಒಂದು ಎಚ್ಚರಿಕೆ. ಅಳತೆ, ಓಡಾಟ ಎಲ್ಲ ಸಾರ್ವಜನಿಕ ರಸ್ತೆಯಲ್ಲಿ, ಹಿರಿಯರೊಬ್ಬರ ಜತೆಯಲ್ಲಿ ಇರಲಿ. ಹಳಿಯ ಮೇಲೆ ಅಡ್ಡಾಡುವುದು 1989ರ ರೈಲ್ವೆ ಕಾಯ್ದೆಯಂತೆ ಅಪರಾಧ. ಎಲ್ಲಕ್ಕಿಂತ ಮಿಗಿಲಾಗಿ, ಇಂದಿನ ವಿದ್ಯುತ್ ರೈಲು ಸದ್ದಿಲ್ಲದೆ ಬರುತ್ತದೆ. ಖಾಸಗಿ ಆವರಣಕ್ಕೆ ಹೋಗಬೇಕಾದರೆ ಅನುಮತಿ ಕೇಳಿ. ಕೊಡದಿದ್ದರೆ ನಮಸ್ಕಾರ ಹೇಳಿ ಬನ್ನಿ.

ನೆಲದ ಸಾಕ್ಷಿಗೆ ಕಾಗದದ ಸಾಕ್ಷಿ ಜೊತೆಯಾಗಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳಲ್ಲಿ ಬ್ರಾಡ್‌ಗೇಜಿಗೂ ಮೀಟರ್‌ಗೇಜಿಗೂ ಬೇರೆ ಬೇರೆ ಗುರುತುಗಳಿವೆ. ಬಿ.ಎಲ್. ರೈಸ್ ಮತ್ತು ಹಯವದನರಾಯರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್‌ಗಳಲ್ಲಿ ಕೈಗಾರಿಕೆ, ರೈಲ್ವೆಗಳ ವಿವರ ಸಿಗುತ್ತದೆ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ರಾಜ್ಯ ಪತ್ರಾಗಾರ ಇವೆರಡೂ ಹುಡುಕುವವರಿಗೆ ದೊಡ್ಡ ಆಸರೆ. ಅಮೆರಿಕದ ಹವ್ಯಾಸಿಗಳಿಗೆ ಒಂದು ಅನುಕೂಲವಿದೆ. ಬೆಂಕಿ ವಿಮೆಗಾಗಿ ಸ್ಯಾನ್‌ಬಾರ್ನ್ ಕಂಪನಿ ಊರೂರಿನ ಕಟ್ಟಡಗಳನ್ನೂ ಕವಲು ಹಳಿಗಳನ್ನೂ ಬಿಡಿಬಿಡಿಯಾಗಿ ಬರೆದಿಟ್ಟ ನಕ್ಷೆಗಳು ಅಲ್ಲಿನ ಗ್ರಂಥಾಲಯಗಳಲ್ಲಿವೆ. ನಾವು ತುಣುಕು ತುಣುಕಾಗಿ ಕೂಡಿಸಿಕೊಳ್ಳಬೇಕು. ಕಾರ್ಖಾನೆಯ ಹಳೆಯ ಫೋಟೋ, ಬಸ್ಸಿನ ನಿಲ್ದಾಣದ ಹೆಸರು, ಮನೆಯ ಟ್ರಂಕಿನಲ್ಲಿರುವ ಸಂಬಳದ ಚೀಟಿ, ಎಲ್ಲವೂ ಬೇಕು.

ಮೂರು ಬಣ್ಣದ ಪೆನ್ಸಿಲ್ಲು

ಇನ್ನು ಜನರ ನೆನಪು. 1975ರಲ್ಲಿ ಇಪ್ಪತ್ತೈದರ ಪ್ರಾಯದಲ್ಲಿ ಮಿಲ್ಲಿಗೆ ಹೋಗುತ್ತಿದ್ದವರಿಗೆ ಈಗ ಎಪ್ಪತ್ತೈದು ತುಂಬಿದೆ. ನಕ್ಷೆ, ಗೆಜೆಟಿಯರ್‌ಗಳು ಮುಂದಿನ ವರ್ಷವೂ ಕಪಾಟಿನಲ್ಲಿರುತ್ತವೆ. ಈ ಹಿರಿಯರು ಕಾಯುತ್ತಾ ಕೂರುವುದಿಲ್ಲ. ಹುಡುಗ ಪುಸ್ತಕ ಹಿಡಿದು ತಾತನ ಮುಂದೆ ಕೂತ.

“ತಾತ, ನಿಮ್ಮ ಮಿಲ್ಲಿನೊಳಗೆ ಗೂಡ್ಸ್ ಗಾಡಿ ಬರ್ತಿತ್ತಾ?”

ತಾತ ಬಹಳ ಹೊತ್ತು ಸುಮ್ಮನಿದ್ದರು. “ನಾನು ಕಣ್ಣಾರೆ ನೋಡಿಲ್ಲ ಮರಿ. ನೇಯ್ಗೆ ಖಾತೆ ಬೇರೆ ಕಡೆ ಇತ್ತು. ಆದರೆ ಅರಳೆ ಬೇಲು ಬಂದ ದಿನ ಹಮಾಲಿಗಳ ಕೂಗು ಕೇಳ್ತಿತ್ತು. ಮಗ್ಗದ ಸದ್ದಿನ ಮೇಲೂ ಕೇಳ್ತಿತ್ತು.” ಆಮೇಲೆ ಅವರು ಸೈರನ್ನಿನ ವಿಷಯ ಹೇಳಿದರು. ಮೂರು ಪಾಳಿಯ ಸೈರನ್ನಿಗೆ ಬೀದಿಯ ಮನೆಗಳೆಲ್ಲ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದುದು, ಊಟದ ಡಬ್ಬಿ ಹಿಡಿದು ಹೆಂಗಸರು ಗೇಟಿನ ಮುಂದೆ ನಿಲ್ಲುತ್ತಿದ್ದುದು, ಕೊನೆಗೊಂದು ದಿನ ಸೈರನ್ನು ಕೂಗದೆ ಹೋದದ್ದು. “ಆವತ್ತು ಎದ್ದು ಡ್ರೆಸ್ ಹಾಕ್ಕೊಂಡು ಕೂತಿದ್ದೆ” ಎಂದಷ್ಟೇ ಹೇಳಿ ಎದ್ದು ಹೋದರು. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಮಗನಿಗೆ, ಅಂದರೆ ಹುಡುಗನ ಅಪ್ಪನಿಗೆ, ಇದು ಹೊಸ ಸುದ್ದಿ. ಆ ದಿನ ತಾವು ಶಾಲೆಗೆ ಹೋದದ್ದು ಮಾತ್ರ ಅವರಿಗೆ ನೆನಪು.

ತಾತನ ಮಾತಿನಲ್ಲಿ ಒಂದು ದೊಡ್ಡ ಪಾಠವಿದೆ. ಮೊಮ್ಮಗನನ್ನು ಮೆಚ್ಚಿಸಲು “ಹೌದು, ರೈಲು ಒಳಗೇ ಬರ್ತಿತ್ತು” ಎಂದು ಅವರು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕೇಳಿದ್ದನ್ನು ಕೇಳಿದೆ ಎಂದರು, ನೋಡದ್ದನ್ನು ನೋಡಿಲ್ಲ ಎಂದರು. ಪ್ರಯೋಗಶಾಲೆಯಲ್ಲಿ ಓದಿದ ಅಳತೆಯನ್ನೇ ಬರೆಯಬೇಕು, ಬರಬೇಕಾದ ಉತ್ತರವನ್ನಲ್ಲ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಸಾಲದು. ತಾತ ಅದನ್ನು ಮಾಡಿ ತೋರಿಸಿದರು.

ಹುಡುಗ ನಕ್ಷೆಗೆ ಒಂದು ನಿಯಮ ಮಾಡಿಕೊಂಡ. ಒಂದನ್ನೊಂದು ನೋಡಿ ಬರೆಯದ ಎರಡು ಸಾಕ್ಷಿ ಸಿಕ್ಕಿದ ಹಳಿಗೆ ಕಪ್ಪು ಗೆರೆ. ಉದಾಹರಣೆಗೆ, ಹಳೆಯ ನಕ್ಷೆಯೂ ಬಾಗಿದ ಗೋಡೆಯೂ ಒಂದೇ ಮಾತು ಹೇಳಬೇಕು. ಒಂದೇ ಸಾಕ್ಷಿಯಿದ್ದರೆ ನೀಲಿ ಗೆರೆ. ಬರೀ ಊಹೆಯಾದರೆ ಕೆಂಪು ಚುಕ್ಕೆಗಳು. ಮೊದಲ ದಿನ ಎಳೆದ ಗೆರೆಗಳಲ್ಲಿ ಹೆಚ್ಚಿನವು ಕೆಂಪಾದವು. ಪಾಪ, ಅವನಿಗೆ ಬೇಸರವಾದದ್ದು ನಿಜ. ಆದರೆ ಕೆಂಪು ಗೆರೆ ಸೋಲಲ್ಲ, ಮುಂದೆ ಹುಡುಕಬೇಕಾದ ಜಾಗದ ವಿಳಾಸ.

ಎರಡು ಗೇಜು, ಒಂದು ಮೇಜು

ಸಾಕ್ಷಿ ಕೂಡಿತು ಎಂದುಕೊಳ್ಳೋಣ. ಮಾದರಿ ಕಟ್ಟುವ ಮುನ್ನ ಒಂದು ವರ್ಷ ಗೊತ್ತುಮಾಡಬೇಕು. ಇಲ್ಲದಿದ್ದರೆ ಉಗಿ ಎಂಜಿನ್ನಿನ ಪಕ್ಕದಲ್ಲಿ ಮೆಟ್ರೋ ಓಡೀತು! 1960 ಒಳ್ಳೆಯ ವರ್ಷ. ಬಟ್ಟೆ ಗಿರಣಿಗಳಿವೆ, ಲ್ಯಾಂಪ್ಸ್ ಇದೆ, ಸಾಬೂನಿನ ಕಾರ್ಖಾನೆ ಬಂದು ಮೂರು ವರ್ಷವಾಗಿದೆ. ಮೀಟರ್‌ಗೇಜಿನಲ್ಲಿ ವೈಪಿ, ವೈಜಿ ಜಾತಿಯ ಉಗಿ ಎಂಜಿನ್ನುಗಳ ಕಾಲ. ವ್ಯಾಗನ್ನಿನ ಮೇಲೆ ದಕ್ಷಿಣ ರೈಲ್ವೆ ಎಂದು ಬರೆಯಬೇಕು, ನೈಋತ್ಯ ರೈಲ್ವೆ ಆದದ್ದು 2003ರಲ್ಲಿ. ರಾಜ್ಯದ ಹೆಸರು ಮೈಸೂರು, ಕರ್ನಾಟಕ ಎಂದಾದದ್ದು 1973ರಲ್ಲಿ.

ಈಗ ಅಳತೆ. ಅಂಗಡಿಯಲ್ಲಿ ಸಿಗುವ ಆಟದ ಹಳಿಗಳಲ್ಲಿ ಎರಡು ಸಾಮಾನ್ಯ. ಒಂದರ ಅಂತರ 16.5 ಮಿಲಿಮೀಟರ್, ಇನ್ನೊಂದರದು 9. ಇವು ವಿದೇಶದ 1435 ಮಿಲಿಮೀಟರ್ ಹಳಿಯ ಚಿಕ್ಕ ರೂಪಗಳು, ನಮ್ಮ ಹಳಿಗಾಗಿ ಮಾಡಿದವಲ್ಲ. ಆದರೆ ಲೆಕ್ಕ ಹಾಕಿದರೆ ಒಂದು ಸೋಜಿಗವಿದೆ. ಎಲ್ಲವನ್ನೂ 105 ಪಟ್ಟು ಕುಗ್ಗಿಸೋಣ. ಬ್ರಾಡ್‌ಗೇಜಿನ 1676 ಮಿಲಿಮೀಟರ್ ಸುಮಾರು 16 ಆಗುತ್ತದೆ. ಮೀಟರ್‌ಗೇಜಿನ 1000 ಮಿಲಿಮೀಟರ್ ಸುಮಾರು 9.5 ಆಗುತ್ತದೆ. ಅಂಗಡಿಯ ಎರಡೂ ಹಳಿಗಳಿಗೆ ಇವು ಅರ್ಧ ಮಿಲಿಮೀಟರಿನಷ್ಟೇ ದೂರ! ಸಿಟಿ ಸ್ಟೇಷನ್ನಿನ ಎರಡು ಗೇಜುಗಳನ್ನು ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ತೋರಿಸಲು ಅಡ್ಡಿಯಿಲ್ಲ.

ನೂರು ಮೀಟರ್ ಉದ್ದದ ಮಿಲ್ಲಿನ ಶೆಡ್ಡು 95 ಸೆಂಟಿಮೀಟರ್ ಆಗುತ್ತದೆ. ಅದನ್ನು ರಟ್ಟಿನಲ್ಲಿ ಮಾಡಬಹುದು. ಆದರೆ ಸಿಟಿ ಸ್ಟೇಷನ್ನಿನಿಂದ ಕೆಂಗೇರಿಗೆ ಇರುವ ಸುಮಾರು 13 ಕಿಲೋಮೀಟರ್, ಮಾದರಿಯಲ್ಲೂ 124 ಮೀಟರ್! ಮನೆ ಬಿಟ್ಟು ಬೀದಿಯ ತುದಿಗೆ ಹೋಗಬೇಕಾದೀತು. ಹಾಗಾಗಿ ದೂರವನ್ನು ಮೊಟಕು ಮಾಡಲೇಬೇಕು. ಎಲ್ಲಿ ಮೊಟಕು ಮಾಡಿದೆ ಎಂದು ಚೀಟಿ ಅಂಟಿಸಿದರೆ ಅದು ಮೋಸವಲ್ಲ.

ತೂಕದಲ್ಲಿ ಇನ್ನೊಂದು ತಮಾಷೆ. ಉದ್ದ 105 ಪಟ್ಟು ಕುಗ್ಗಿದರೆ ತೂಕ 105ರ ಘನದಷ್ಟು, ಅಂದರೆ ಹನ್ನೊಂದೂವರೆ ಲಕ್ಷ ಪಟ್ಟು ಕುಗ್ಗುತ್ತದೆ. ಖಾಲಿ ವ್ಯಾಗನ್ನು ಎಂಟು ಟನ್ ಎಂದರೆ ಮಾದರಿ ಏಳು ಗ್ರಾಂ ತೂಗಬೇಕು. ಫ್ಯಾನು ಹಾಕಿದರೆ ಹಳಿ ತಪ್ಪೀತು! ಅದಕ್ಕೇ ಅನುಭವಿಗಳು ಒಳಗೆ ನಟ್ಟೋ ಬೋಲ್ಟೋ ಅಂಟಿಸುತ್ತಾರೆ. ನಿಜವಾದ ಮೀಟರ್‌ಗೇಜ್ ಎಂಜಿನ್ನು, ಡಬ್ಬಿಗಳನ್ನು ನೋಡಬೇಕಾದರೆ 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಟೇಪು ಹಿಡಿದು ಹೋಗಿಬನ್ನಿ.

ಯಾಕೆ ಮಾಯವಾದವು?

ಪ್ರದರ್ಶನ ನೋಡಲು ಬಂದವರು ಕೇಳುವ ಪ್ರಶ್ನೆ ಇದೇ. ಉತ್ತರ ಒಂದಲ್ಲ. ರಸ್ತೆ ಸುಧಾರಿಸಿತು, ಲಾರಿ ದೊಡ್ಡದಾಯಿತು, ಬಾಗಿಲಿಂದ ಬಾಗಿಲಿಗೆ ಸರಕು ಮುಟ್ಟಿಸತೊಡಗಿತು. ರೈಲ್ವೆಯವರೂ ಒಂದೆರಡು ವ್ಯಾಗನ್ನಿನ ಬಿಡಿ ಸರಕನ್ನು ಕ್ರಮೇಣ ಬಿಟ್ಟು, ನಲವತ್ತು ವ್ಯಾಗನ್ನಿನ ಇಡೀ ರೈಲನ್ನೇ ಒಂದು ಊರಿನಿಂದ ಇನ್ನೊಂದಕ್ಕೆ ಓಡಿಸುವ ಕ್ರಮಕ್ಕೆ ಬಂದರು. ಒಂದು ರೈಲೆಂದರೆ ಎರಡು ಸಾವಿರ ಟನ್ನಿಗೂ ಹೆಚ್ಚು. ವಾರಕ್ಕೆ ನಾಲ್ಕು ವ್ಯಾಗನ್ ಸರಕಿನ ಗಿರಣಿಗೆ ಅದರಲ್ಲಿ ಜಾಗವೆಲ್ಲಿ? 1980 ಮತ್ತು 90ರ ದಶಕಗಳಲ್ಲಿ ಇಲ್ಲಿನ ಮೀಟರ್‌ಗೇಜ್ ಹಳಿಗಳು ಬ್ರಾಡ್‌ಗೇಜಾದವು. 109 ಮೀಟರಿನ ತಿರುವಿನಲ್ಲಿ ಬ್ರಾಡ್‌ಗೇಜ್ ಹೋಗದೆಂದು ಆಗಲೇ ನೋಡಿದೆವಲ್ಲ! ಅಷ್ಟರಲ್ಲಿ ಹಳೆಯ ಬಟ್ಟೆ ಗಿರಣಿಗಳೇ ಕುಂಟುತ್ತಿದ್ದವು. ನೂಲಿಗಿಂತ ನೆಲಕ್ಕೆ ಬೆಲೆ ಹೆಚ್ಚಾಯಿತು. ಗೋದಾಮಿನ ಜಾಗದಲ್ಲಿ ಮಾಲು, ಅಪಾರ್ಟ್‌ಮೆಂಟು ಎದ್ದವು.

ಇದರಲ್ಲಿ ಯಾರನ್ನೂ ಬೈಯುವಂಥದ್ದೇನಿಲ್ಲ. ಆದರೆ ಆ ಮಾಲಿನಲ್ಲಿ ಐಸ್‌ಕ್ರೀಂ ತಿನ್ನುವ ಮಗುವಿಗೆ, ಇಲ್ಲಿ ಒಂದು ಕಾಲಕ್ಕೆ ಮಗ್ಗದ ಸದ್ದಿತ್ತು, ಅದರಿಂದ ನೂರಾರು ಮನೆಯ ಒಲೆ ಉರಿಯುತ್ತಿತ್ತು ಎಂದು ಗೊತ್ತಿರಬೇಡವೇ?

ಅಪ್ಪನ ಪ್ರಶ್ನೆಗೆ ಬರೋಣ. ಮಾರ್ಕ್ಸ್ ಎಷ್ಟು ಬರುತ್ತದೆ? ಬಹುಶಃ ಹೆಚ್ಚೇನೂ ಬರುವುದಿಲ್ಲ. ಆದರೆ ಈ ಎರಡು ತಿಂಗಳಲ್ಲಿ ಹುಡುಗ ಅನುಪಾತ, ವೃತ್ತದ ಜ್ಯಾ, ಘರ್ಷಣೆ, ಇಳಿಜಾರು, ಘನಫಲಗಳನ್ನು ಕೈಯಾರೆ ಬಳಸಿದ. ನಕ್ಷೆ ಓದಲು ಕಲಿತ. ಸಾಕ್ಷಿಯಿಲ್ಲದ ಗೆರೆಯನ್ನು ಅಳಿಸಲು ಕಲಿತ. ಇದೆಲ್ಲ ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಚೆದುರಿಹೋಗಿರುವ ವಿಷಯಗಳೇ. ಖರ್ಚಿನ ಚಿಂತೆ ಇರುವ ತಂದೆತಾಯಿಗಳು ಎಂಜಿನ್ನು ಕೊಳ್ಳಲೇಬೇಕೆಂದಿಲ್ಲ. ಹಳೆಯ ಲಗ್ನಪತ್ರಿಕೆಯ ರಟ್ಟು, ಅಂಟು, ಬೆಂಕಿಕಡ್ಡಿ ಇದ್ದರೆ ಓಡದ ಮಾದರಿಯಾದರೂ ಆದೀತು. ಸಂಶೋಧನೆಗೆ ಬ್ಯಾಟರಿ ಬೇಡ.

ಪ್ರದರ್ಶನದ ದಿನ ಹುಡುಗನ ಮೇಜಿನ ಮೇಲೆ ಮಿಲ್ಲು ನಿಂತಿತು. ಮುಖ್ಯ ಹಳಿಯಿಂದ ಮಿಲ್ಲಿನ ಗೇಟಿನವರೆಗೆ ಹಳಿಯಿರಲಿಲ್ಲ. ಅಲ್ಲಿ ಕೆಂಪು ಚುಕ್ಕೆಗಳ ಸಾಲು, ಪಕ್ಕದಲ್ಲೊಂದು ಚೀಟಿ: “ಇಲ್ಲಿ ಹಳಿ ಇತ್ತೇ? ತಿಳಿದವರು ದಯವಿಟ್ಟು ಹೇಳಿ.” ತಾತನೂ ಬಂದಿದ್ದರು. ಚೀಟಿಯನ್ನು ಓದಿ, ಮಿಲ್ಲಿನ ರಟ್ಟಿನ ಚಾವಣಿಯನ್ನು ಬೆರಳಿನಿಂದ ಮುಟ್ಟಿ, “ನೇಯ್ಗೆ ಖಾತೆಯ ಕಿಟಕಿ ಇನ್ನೂ ಮೇಲಕ್ಕಿತ್ತು ಕಣೋ” ಎಂದರು. ಹುಡುಗ ಜೇಬಿನಿಂದ ಕಪ್ಪು ಪೆನ್ಸಿಲ್ಲು ತೆಗೆದು ಅವರ ಕೈಗೆ ಕೊಟ್ಟ.

ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ, ಈ ಭಾನುವಾರ ಒಂದು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತು ನೋಡಿ.